ಕುಶಾಲತೋಪಿನ ಸದ್ದು ಮತ್ತು ಮಾಜಿ ಯೋಧರು



ದಸರಾ ಜಂಬೂಸವಾರಿಯ ದಿನ ಫಿರಂಗಿ ಸದ್ದಿಗೆ ಆನೆ, ಕುದುರೆಗಳು ಬೆದರದಿರಲೆಂದು ಮೈಸೂರಿನಲ್ಲಿ ಮೊದಲೇ ಕುಶಾಲತೋಪಿನ ತಾಲೀಮು ನಡೆಸುತ್ತಾರೆ. ಅದು ಸರಿಯಾದ ಕಾಳಜಿಯೇ. ಆದರೆ 1999ರಲ್ಲಿ ಕಾರ್ಗಿಲ್‌ನಲ್ಲಿದ್ದ ನಮ್ಮ ಬೀದಿಯ ಮಾಜಿ ಯೋಧರೊಬ್ಬರು ಆ ಸದ್ದಿಗೆ ಕಾಫಿ ಲೋಟ ಕೆಳಗಿಟ್ಟು, ಗೋಡೆಗೆ ಬೆನ್ನು ಕೊಟ್ಟು ನಿಂತುಬಿಡುತ್ತಾರೆ. ಮೈ ಬೆವರಿರುತ್ತದೆ. ಆ ರಾತ್ರಿ ಅವರಿಗೆ ನಿದ್ದೆ ಇಲ್ಲ, ಮನೆಯವರಿಗೂ ಇಲ್ಲ.

ಜುಲೈ 26ರ ಕಾರ್ಗಿಲ್ ವಿಜಯ ದಿನಕ್ಕೆ ಇಂಥವರನ್ನು ವೇದಿಕೆಗೆ ಕರೆದು ಶಾಲು ಹೊದಿಸುತ್ತೇವೆ. ಮಾರನೆಯ ದಿನ ಅವರು ಹೇಗಿದ್ದಾರೆಂದು ಯಾರೂ ಕೇಳುವುದಿಲ್ಲ. ಸಿಪಾಯಿಗಳಲ್ಲಿ ಬಹುಪಾಲು ಮಂದಿ 40ರ ಆಸುಪಾಸಿನಲ್ಲೇ ನಿವೃತ್ತರಾಗಿ ಊರಿಗೆ ಬರುತ್ತಾರೆ. ಎಷ್ಟೋ ಜನರಿಗೆ ಸಿಗುವುದು ಸೆಕ್ಯುರಿಟಿ ಗಾರ್ಡ್ ಕೆಲಸ. ಪಿಂಚಣಿ, ಕ್ಯಾಂಟೀನ್, ಇಸಿಎಚ್‌ಎಸ್ ವೈದ್ಯಕೀಯ ಸೌಲಭ್ಯ ಇವೆ ನಿಜ. ಮನಸ್ಸಿನ ಗಾಯದ ಮಾತು ಬಂದರೆ ಮಾತ್ರ ‘ಫೌಜಿಗೆ ಇದೆಲ್ಲ ಏನು’ ಎಂದು ಬಾಯಿ ಮುಚ್ಚಿಸುತ್ತೇವೆ. 2022ರ ಅಗ್ನಿಪಥ ಯೋಜನೆಯಡಿ ಸೇರಿದವರಲ್ಲಿ ಹೆಚ್ಚಿನವರು ನಾಲ್ಕೇ ವರ್ಷಕ್ಕೆ, ಪಿಂಚಣಿಯೂ ಇಲ್ಲದೆ ಹಿಂದಿರುಗುತ್ತಾರೆ. ಅವರ ಗತಿಯನ್ನೂ ಈಗಲೇ ಯೋಚಿಸಬೇಕು.

ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ವಾರಕ್ಕೊಂದು ದಿನವಾದರೂ ಕನ್ನಡ ಬಲ್ಲ ಆಪ್ತಸಮಾಲೋಚಕರು ಸಿಗುವಂತಾಗಲಿ. ಮಡದಿಯರನ್ನೂ ಕೂರಿಸಿ ಮಾತಾಡಲಿ, ಭಾರ ಹೊರುತ್ತಿರುವವರು ಅವರೇ. ಕುಶಾಲತೋಪಿನ ತಾಲೀಮಿನ ದಿನ, ಸಮಯವನ್ನು ಜಿಲ್ಲಾಡಳಿತ ಪತ್ರಿಕೆಗಳಲ್ಲಿ ಮುಂಚಿತವಾಗಿ ಪ್ರಕಟಿಸಲಿ. ಸಮಾಲೋಚಕರು ಸಿಗುವವರೆಗೆ, ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲಿರುಳು ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದೆಂದು ಯೋಧರ ಮನೆಯವರಿಗೆ ದಯವಿಟ್ಟು ತಿಳಿಸಿ.

– ನಿವೃತ್ತ ಶಿಕ್ಷಕಿ, ಕುವೆಂಪುನಗರ, ಮೈಸೂರು