ಬಡ್ಡಿಯ ಬದಲಿಗೆ

ಬಡ್ಡಿ ಎಂಬ ಮಾತು ಕಿವಿಗೆ ಬಿದ್ದೊಡನೆ ಗೃಹಸ್ಥನಾದವನ ಹುಬ್ಬು ಗಂಟಿಕ್ಕುವುದು ಸಹಜ. ಅಸಲು ತೀರಿದರೂ ಬಡ್ಡಿ ತೀರದೆಂಬ ಅನುಭವ ಯಾವ ಮನೆಗೆ ಹೊಸದು? ಆದರೆ ಆಫ್ರಿಕ ಖಂಡದ ಜಿಂಬಾಬ್ವೆಯಲ್ಲಿ ಹಳ್ಳಿಯ ತರುಣಿಯರು ತೆರುವ ಬಡ್ಡಿಯೊಂದುಂಟು. ಅದರ ವೃತ್ತಾಂತವನ್ನು ಕೇಳಿದರೆ ಗಂಟಿಕ್ಕಿದ ಹುಬ್ಬು ತುಸು ಸಡಿಲವಾದೀತು.

1991ರಲ್ಲಿ ಆನ್ ಕಾಟನ್ ಎಂಬ ಬ್ರಿಟಿಷ್ ಮಹಿಳೆ ಆ ದೇಶದ ವಾಯವ್ಯ ಭಾಗದ ಮೋಲಾ ಎಂಬಲ್ಲಿಗೆ ಹೋದರು. ಜಾಂಬೆಜಿ ನದಿಗೆ ಕರೀಬಾ ಅಣೆಕಟ್ಟನ್ನು ಕಟ್ಟಿದಾಗ, 1950ರ ದಶಕದಲ್ಲಿ, ಹೊಲಮನೆಗಳನ್ನು ನೀರಿಗೆ ಬಿಟ್ಟು ಮೇಲೆ ಬಂದ ತೊಂಗಾ ಜನರ ಸೀಮೆ ಅದು. ಅಲ್ಲಿಯ ಹೆಣ್ಣುಮಕ್ಕಳು ಶಾಲೆಗೆ ಏಕೆ ಬರುವುದಿಲ್ಲ ಎಂಬುದನ್ನು ತಿಳಿಯುವುದು ಆಕೆಯ ಉದ್ದೇಶವಾಗಿತ್ತು. ಹಿರಿಯರ ಸಂಪ್ರದಾಯವೇ ಅದಕ್ಕೆ ಕಾರಣವೆಂಬ ಉತ್ತರ ಪಟ್ಟಣದಲ್ಲಿಯೇ ಸಿದ್ಧವಾಗಿತ್ತು. ಓದಿದವರ ಬಳಿ ಇಂಥ ಸಿದ್ಧ ಉತ್ತರಗಳಿಗೆ ಎಂದೂ ಬರಗಾಲವಿಲ್ಲ. ಹಳ್ಳಿಯಲ್ಲಿ ಕಂಡದ್ದೇ ಬೇರೆ. ಮನೆಯಲ್ಲಿದ್ದ ಹಣ ಒಂದು ಮಗುವಿನ ಫೀಜಿಗೆ ಸಾಲುವಷ್ಟು. ಮುಂದೆ ಸಂಬಳದ ಕೆಲಸ ದೊರೆಯುವ ಸಂಭವ ಗಂಡುಮಗುವಿಗೇ ಹೆಚ್ಚು. ಆದುದರಿಂದ ಅವನನ್ನು ಕಳುಹಿಸಿ ಇವಳನ್ನು ಉಳಿಸಿಕೊಂಡಿದ್ದರು. ಇದು ಮೌಢ್ಯವಲ್ಲ, ಬಡತನದ ಲೆಕ್ಕಾಚಾರ. ಅಲ್ಲಿಯೇ ಆಕೆ ಹದಿನಾರು ಮತ್ತು ಹದಿನಾಲ್ಕು ವಯಸ್ಸಿನ ಇಬ್ಬರು ಅಕ್ಕತಂಗಿಯರನ್ನು ಕಂಡರು. ಮೋಲಾದ ಶಾಲೆಯ ಫೀಜು ಕಡಮೆಯೆಂದು ಆ ಹುಡುಗಿಯರು ತಮ್ಮ ಊರಿನಿಂದ ಸುಮಾರು 100 ಕಿಲೋಮೀಟರು ನಡೆದು ಬಂದು, ಒಂದು ಗುಡಿಸಲಿನಲ್ಲಿ ತಾವೇ ಬಾಳುವೆ ಹೂಡಿಕೊಂಡು ಓದುತ್ತಿದ್ದರು.

ಕಾಟನ್ ಹಿಂದಿರುಗಿ, ಕೇಂಬ್ರಿಡ್ಜಿನ ಸಂತೆಯಲ್ಲಿ ಕೇಕುಗಳನ್ನು ಮಾರಿ ಹಣ ಕೂಡಿಸಿದರು. ಮೊದಲಿಗೆ 32 ಹುಡುಗಿಯರ ಓದಿಗೆ ನೆರವು ದೊರೆಯಿತು. 1993ರಲ್ಲಿ ಕ್ಯಾಮ್‌ಫೆಡ್ ಎಂಬ ಸಂಸ್ಥೆ ಹುಟ್ಟಿತು. ಇಷ್ಟೇ ಆಗಿದ್ದರೆ ದಾನಿಯೊಬ್ಬಳ ಕಥೆಯೆಂದು ಕೈಮುಗಿದು ಮುಂದಿನ ಪುಟಕ್ಕೆ ಹೋಗಬಹುದಾಗಿತ್ತು. ಸ್ವಾರಸ್ಯವಿರುವುದು ಆ ಹುಡುಗಿಯರ ಓದು ಮುಗಿದ ಮೇಲೆ. 1998ರಲ್ಲಿ ಅವರು ತಮ್ಮದೇ ಒಂದು ಸಂಘವನ್ನು ಕಟ್ಟಿಕೊಂಡರು. ಏಣಿಯನ್ನು ಏರಿದವರು ಏಣಿಯನ್ನು ಒದೆಯುವುದು ಲೋಕರೂಢಿ. ಇವರು ಕೆಳಗೆ ನಿಂತವರಿಗಾಗಿ ಅದನ್ನು ಹಿಡಿದು ನಿಂತರು.

ಈ ಸಂಘದ ತರುಣಿಯರಲ್ಲಿ ಕೆಲವರು ತರಬೇತಿ ಪಡೆದು, ಹಳ್ಳಿಯ ಪ್ರೌಢಶಾಲೆಗಳಿಗೆ ಸ್ವಯಂಸೇವಕಿಯರಾಗಿ ಹೋಗುತ್ತಾರೆ. ಅಲ್ಲಿ ಅವರಿಗೆ 'ಲರ್ನರ್ ಗೈಡ್' ಎಂದು ಹೆಸರು. ಅವರು ಉಪಾಧ್ಯಾಯಿನಿಯರಲ್ಲ, ಬೀಜಗಣಿತವನ್ನೋ ಚರಿತ್ರೆಯನ್ನೋ ಕಲಿಸುವ ಹೊಣೆ ಅವರದಲ್ಲ. ಓದುವ ಕ್ರಮ ಯಾವುದು, ಪರೀಕ್ಷೆಯ ಭಯವನ್ನು ಹೇಗೆ ಗೆಲ್ಲಬೇಕು, ಮೈ ಬೆಳೆಯುವಾಗ ಆಗುವ ಬದಲಾವಣೆಗಳೇನು, ಬೇಡವೆಂದು ಹೇಳಬೇಕಾದಾಗ ದನಿಯೆತ್ತಿ ಹೇಳುವುದೆಂತು ಎಂಬಂಥ ಸಂಗತಿಗಳನ್ನು ವಾರಕ್ಕೊಮ್ಮೆ ತರಗತಿಯಲ್ಲಿ ಕುಳಿತು ಮಾತನಾಡುತ್ತಾರೆ. ಗುರುವೂ ಅಲ್ಲದ, ತಾಯಿಯೂ ಅಲ್ಲದ ಈ ಸ್ಥಾನಕ್ಕೆ ಕನ್ನಡದಲ್ಲಿ ಬಹು ಹಳೆಯ ಹೆಸರೊಂದಿದೆ: ಅಕ್ಕ.

ಈ ಅಕ್ಕನ ನಿಜವಾದ ಕೆಲಸ ತೊಡಗುವುದು ಹಾಜರಿ ಪುಸ್ತಕದಲ್ಲಿ ಒಂದು ಹೆಸರಿನ ಮುಂದೆ ಗೈರುಹಾಜರಿಯ ಗುರುತು ಸಾಲಾಗಿ ಬಿದ್ದಾಗ. ಹುಡುಗಿ ಬಾರದಿರಲು ಕಾರಣ ತಾಯಿಯ ಕಾಯಿಲೆಯೋ, ಫೀಜಿನ ಬಾಕಿಯೋ, ಗೊತ್ತಾಗುತ್ತಿರುವ ಮದುವೆಯೋ ಇರಬಹುದು. ಅಧಿಕಾರಿ ಬಂದು ಕೇಳಿದರೆ ಮನೆಯವರು 'ಜ್ವರ' ಎಂದು ಹೇಳಿ ಬಾಗಿಲು ಮುಂದು ಮಾಡಿಯಾರು. ಅದೇ ಶಾಲೆಯ ಬೆಂಚಿನ ಮೇಲೆ ಕುಳಿತು, ಅದೇ ಫೀಜಿಗೆ ಪರದಾಡಿದವಳು ಬಂದರೆ ಹಾಗೆ ಹೇಳುವುದು ಕಷ್ಟ. ಹೊತ್ತವಳಿಗೆ ಹೊರೆಯ ತೂಕವನ್ನು ಯಾರೂ ತಪ್ಪಿಸಿ ಹೇಳಲಾರರು. 2020ರಲ್ಲಿ ಜಿಂಬಾಬ್ವೆ ತನ್ನ ಶಿಕ್ಷಣ ಕಾಯಿದೆಯನ್ನು ತಿದ್ದಿ, ಗರ್ಭಿಣಿಯಾದಳೆಂಬ ಕಾರಣದಿಂದ ಹುಡುಗಿಯನ್ನು ಶಾಲೆಯಿಂದ ಹೊರಹಾಕಬಾರದೆಂದು ವಿಧಿಸಿತು. ಒಳ್ಳೆಯ ಕಾಯಿದೆ. ಆದರೆ ಕಾಯಿದೆ ಬಾಗಿಲನ್ನು ತೆರೆಯಬಲ್ಲದು. ನಾಚಿಕೆಯಿಂದ ಮನೆಯ ಮೂಲೆ ಸೇರಿದವಳ ಕೈಹಿಡಿದು ಆ ಬಾಗಿಲಿನವರೆಗೆ ನಡೆಸಿಕೊಂಡು ಬರಲಾರದು. ಅದಕ್ಕೆ ಇನ್ನೊಬ್ಬ ಹೆಣ್ಣೇ ಬೇಕು.

ಇನ್ನು ಬಡ್ಡಿಯ ಮಾತು. ಈ ಸ್ವಯಂಸೇವಕಿಯರು ಬಿಡುವನ್ನು ಕಳೆಯಲು ಬಂದ ಸಿರಿವಂತೆಯರಲ್ಲ. ಅವರಿಗೂ ಹೊಟ್ಟೆಪಾಡುಂಟು, ಕೆಲವರಿಗೆ ಕಂಕುಳಲ್ಲಿ ಕೂಸುಂಟು. ಆದುದರಿಂದ ಕೋಳಿ ಸಾಕಣೆ, ಚಿಲ್ಲರೆ ಅಂಗಡಿ, ಹೊಲಿಗೆ ಮೊದಲಾದ ಉದ್ಯೋಗ ಹೂಡಲು ಅವರಿಗೆ ಸಾಲ ದೊರೆಯುವ ಏರ್ಪಾಡಾಗಿದೆ. ಕೀವಾ ಎಂಬ ಸಂಸ್ಥೆಯ ಮೂಲಕ ನಾನಾ ದೇಶಗಳ ಜನ ಸ್ವಲ್ಪಸ್ವಲ್ಪವಾಗಿ ಕೊಟ್ಟ ಹಣ ಅದು. ಅದಕ್ಕೆ ಕಾಸಿನ ಬಡ್ಡಿಯಿಲ್ಲ. ಬದಲಿಗೆ ಅವರು ಶಾಲೆಯ ಹುಡುಗಿಯರಿಗೆ ವಾರಕ್ಕೆ ಕಡಮೆಯೆಂದರೆ ಎರಡೂವರೆ ಗಂಟೆಯ ಹೊತ್ತನ್ನು ಕೊಡಬೇಕು. ಇದನ್ನು ಅವರು 'ಸಾಮಾಜಿಕ ಬಡ್ಡಿ' ಎಂದು ಕರೆಯುತ್ತಾರೆ. ಇದಲ್ಲದೆ, ಸೇವೆ ಸಲ್ಲಿಸಿದವರು ಬಿ.ಟಿ.ಇ.ಸಿ. ಎಂಬ ವೃತ್ತಿಶಿಕ್ಷಣದ ಅರ್ಹತಾಪತ್ರವನ್ನು ಪಡೆಯಬಹುದು. ಉಪಾಧ್ಯಾಯಿನಿಯಾಗಬೇಕೆಂಬವಳಿಗೆ ಅದೊಂದು ಮೆಟ್ಟಿಲು.

ಹಾಗಾದರೆ ಇದು ಸೇವೆಯೋ ವ್ಯಾಪಾರವೋ ಎಂದು ಹುಬ್ಬೇರಿಸುವವರು ಇದ್ದೇ ಇರುತ್ತಾರೆ. ಪ್ರತಿಫಲವನ್ನು ಬಯಸದ ಸೇವೆಯೇ ಸೇವೆ ಎಂಬುದು ಕೇಳಲು ಇಂಪಾದ ಮಾತು. ಆದರೆ ಅದನ್ನು ಹೆಚ್ಚಾಗಿ ಆಡುವವರು ಉಂಡು ಕುಳಿತವರು. ಮನೆಯಲ್ಲಿ ಒಲೆ ಉರಿಯದಿರುವಾಗ ಪರರ ಮಗಳ ಓದಿಗಾಗಿ ನಾಲ್ಕು ಮೈಲಿ ನಡೆಯೆಂದು ಬಡವಳಿಗೆ ಹೇಳುವುದು ಧರ್ಮೋಪದೇಶವಲ್ಲ, ಬಿಟ್ಟಿ ದುಡಿಮೆಗೆ ಹಚ್ಚುವ ಉಪಾಯ. ಕೊಡುವವಳ ಕೈ ಬತ್ತದಂತೆ ನೋಡಿಕೊಂಡಿರುವುದೇ ಈ ಏರ್ಪಾಡಿನ ವಿವೇಕ.

ಆದರೂ ಶಂಕೆಗೆ ಎಡೆಯಿಲ್ಲದಿಲ್ಲ. ಶಾಲೆಗೆ ಸಾಕಷ್ಟು ಉಪಾಧ್ಯಾಯರನ್ನು ಒದಗಿಸುವುದು, ಮನೆಯಲ್ಲಿ ಹಿಂಸೆಗೆ ಸಿಕ್ಕ ಹುಡುಗಿಗೆ ರಕ್ಷಣೆ ಕೊಡುವುದು ಸರ್ಕಾರದ ಹೊಣೆ. ಒಳ್ಳೆಯ ಅಕ್ಕ ಊರಿನಲ್ಲಿದ್ದಾಳೆಂಬ ನೆಪದಿಂದ ಆ ಹೊಣೆ ಮೆಲ್ಲಗೆ ಅವಳ ಹೆಗಲಿಗೆ ಜಾರಬಾರದು. ಇಪ್ಪತ್ತೆರಡು ವಯಸ್ಸಿನ ಹೆಗಲು ಎಷ್ಟನ್ನು ಹೊತ್ತೀತು? ಸಲಿಗೆಯಿಂದ ಅವಳಿಗೆ ತಿಳಿದುಬರುವ ಗುಟ್ಟುಗಳಲ್ಲಿ ಕೆಲವು ಪೋಲೀಸರಿಗೆ, ವೈದ್ಯರಿಗೆ ಮುಟ್ಟಬೇಕಾದವು.

ಮೊದಮೊದಲು ನೆರವು ಪಡೆದ ಹುಡುಗಿಯರಲ್ಲಿ ಆಂಜಲಿನ್ ಮುರಿಮಿರ್ವಾ ಒಬ್ಬರು. ಜಾಣೆಯಾಗಿದ್ದೂ ಫೀಜಿಗೆ ಹಣವಿಲ್ಲದೆ ಪ್ರಾಥಮಿಕ ಶಾಲೆಗೇ ಓದು ಮುಗಿಯಬೇಕಾಗಿದ್ದವರು. 1998ರ ಸಂಘವನ್ನು ಕಟ್ಟಿದವರಲ್ಲಿ ಅವರೂ ಸೇರಿದ್ದರು. 2020ರಲ್ಲಿ ಶಿಕ್ಷಣಕ್ಷೇತ್ರದ ದೊಡ್ಡ ಗೌರವವಾದ ಯಿಡಾನ್ ಪ್ರಶಸ್ತಿಯನ್ನು ಲೂಸಿ ಲೇಕ್ ಎಂಬವರೊಡನೆ ಹಂಚಿಕೊಂಡರು. ಆಮೇಲೆ, ಒಮ್ಮೆ ತಮ್ಮ ಫೀಜನ್ನು ಕಟ್ಟಿದ ಆ ಸಂಸ್ಥೆಗೇ ಮುಖ್ಯಸ್ಥೆಯಾದರು.