ಪುಕ್ಕಟೆ ವಿಮಾನ ಪ್ರಯಾಣವೇ? ಸ್ವಲ್ಪ ಲೆಕ್ಕ ಹಾಕೋಣ



ಇಲಕಲ್ಲಿನ ಕಡೆಯಿಂದ ಒಂದು ಪತ್ರ ಬಂದಿದೆ. ಓದಿದಾಗಿನಿಂದ ನನಗೆ ಅದರದೇ ಯೋಚನೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ, ಹಾಗಾಗಿ ವಿಷಯ ಮಾತ್ರ ಹೇಳುತ್ತೇನೆ.

ಈಕೆ ಮದುವೆಗೆ ಮುಂಚೆ ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಜರ್ಮನ್ ಭಾಷೆ ಕಲಿತವರು. ಈಗ ಎರಡು ಮಕ್ಕಳ ತಾಯಿ. ಜರ್ಮನಿಗೆ ನರ್ಸ್ ಕೆಲಸಕ್ಕೆ ಹೊರಟ ಹುಡುಗಿಯರಿಗೆ ಮನೆಯಿಂದಲೇ, ಕಂಪ್ಯೂಟರಿನ ಮುಂದೆ ಕೂತು ಪಾಠ ಹೇಳುತ್ತಾರೆ. ಅವರ ಕಡೆಯ ಗ್ರಾನೈಟ್ ವ್ಯಾಪಾರಿಯೊಬ್ಬರು ನ್ಯೂರೆಂಬರ್ಗಿನಲ್ಲಿ ನಡೆಯುವ ಕಲ್ಲಿನ ಮೇಳಕ್ಕೆ ಹೊರಟಿದ್ದಾರೆ. ನಾಲ್ಕು ದಿನದ ಮೇಳ. ಗಿರಾಕಿಗಳ ಜೊತೆ ಮಾತಾಡಲು ದುಭಾಷಿ ಬೇಕು, ಬರ್ತೀರಾ ಎಂದು ಕೇಳಿದ್ದಾರೆ. "ಟಿಕೆಟ್ಟು, ಊಟ, ವಸತಿ ಎಲ್ಲಾ ನಮ್ಮದೇ. ನಿಮಗೂ ಜರ್ಮನಿ ನೋಡಿದ ಹಾಗಾಗ್ತದ" ಎಂದರಂತೆ. ಸಂಭಾವನೆಯ ಮಾತೇ ಇಲ್ಲ. ಈಕೆ ಮೆಲ್ಲಗೆ ಮನೆಯಲ್ಲಿ ವಿಷಯ ತೆಗೆದರೆ ಅತ್ತೆಯವರು, "ಪುಕಟ್ಟ ವಿಮಾನದಾಗ ಕರ್ಕೊಂಡು ಹೊಂಟಾರ, ಮ್ಯಾಲೆ ರೊಕ್ಕಾನೂ ಕೇಳ್ತೀಯೇನವಾ?" ಅಂದರಂತೆ. ಯಜಮಾನರು ಮಾತಾಡಲಿಲ್ಲವಂತೆ. "ಕೇಳೋದು ತಪ್ಪಾ ಅಕ್ಕಾ? ಕೇಳಿದರೆ ಎಷ್ಟು ಕೇಳಲಿ?" ಇದು ಪ್ರಶ್ನೆ.

ತಪ್ಪಲ್ಲ. ಅತ್ತೆಯವರಿಗೆ ಹೀಗೆ ಕೇಳಿ ನೋಡಿ: ತಾಲ್ಲೂಕು ಕಚೇರಿಯ ಗುಮಾಸ್ತರು ಸರ್ಕಾರದ ಕೆಲಸಕ್ಕೆ ಬೆಂಗಳೂರಿಗೆ ಹೋದರೆ ಟಿ.ಎ., ಡಿ.ಎ. ಬರುತ್ತದೆ. ಬಸ್ ಚಾರ್ಜು ಕೊಟ್ಟೆವಲ್ಲ ಎಂದು ಆ ತಿಂಗಳ ಸಂಬಳ ಹಿಡೀತಾರೇನು? ಟಿಕೆಟ್ಟು ವ್ಯಾಪಾರಿಯ ಖರ್ಚು. ಅವರ ಕಲ್ಲು ಹಡಗಿನಲ್ಲಿ ಹೋಗಲು ಕೊಟ್ಟ ಬಾಡಿಗೆ ಇದ್ದ ಹಾಗೆ. ನಿಮ್ಮ ಸಂಭಾವನೆ ಬೇರೆ. ಈ ಎರಡನ್ನೂ ಒಂದೇ ಡಬ್ಬಿಗೆ ಹಾಕಿದರೆ ಯಾವಾಗಲೂ ನಷ್ಟ ಆಗೋದು ಹೆಂಗಸರಿಗೇ. ನಾನೂ ಒಂದು ಸಲ ಹೀಗೆ ಸಿಕ್ಕಿಕೊಂಡವಳೇ. ಒಂದು ತಂಡದ ಜೊತೆ ಹೊರದೇಶಕ್ಕೆ ಹೋಗುವಾಗ "ಎಲ್ಲಾ ಸೇರಿ ಇಷ್ಟು" ಎಂದು ಒಪ್ಪಿಕೊಂಡೆ. ಹೋಗಿ ನೋಡಿದರೆ ಮೇಳದ ಸಮಯ, ಊರಿನ ಹೋಟೆಲುಗಳ ಬಾಡಿಗೆಯೆಲ್ಲ ಏರಿದೆ. ನನಗೆ ಸಿಕ್ಕ ಕೋಣೆ ಊರಾಚೆ. ರಾತ್ರಿ ಟ್ಯಾಕ್ಸಿಗೆ ಕೊಟ್ಟೂ ಕೊಟ್ಟೂ ಕೊನೆಗೆ ಮನೆಗೆ ತಂದದ್ದು ಮಕ್ಕಳಿಗೆ ಎರಡು ಚಾಕೊಲೇಟ್ ಡಬ್ಬ.

ಇನ್ನು "ನಾಲ್ಕು ದಿನದ ಕೆಲಸ" ಅನ್ನುವ ಮಾತು. ಮೇಳ ಬುಧವಾರದಿಂದ ಶನಿವಾರ ಎಂದು ಇಟ್ಟುಕೊಳ್ಳಿ. ಬೆಂಗಳೂರಿನಿಂದ ಯೂರೋಪಿಗೆ ಹೋಗುವ ಹಲವು ವಿಮಾನಗಳು ಅಪರಾತ್ರಿಯಲ್ಲಿ ಹೊರಡುವಂಥವು. ಮಂಗಳವಾರ ಬೆಳಗಿನ ಜಾವದ ವಿಮಾನ ಹಿಡಿಯಬೇಕಾದರೆ ಭಾನುವಾರ ರಾತ್ರಿ ಇಲಕಲ್ಲಿನಲ್ಲಿ ಬಸ್ ಹತ್ತಬೇಕು. ಸೋಮವಾರ ಬೆಂಗಳೂರು. ಫ್ರಾಂಕ್‌ಫರ್ಟಿಗೆ ಸುಮಾರು ಹತ್ತು ಗಂಟೆ ವಿಮಾನ, ಅಲ್ಲಿಂದ ನ್ಯೂರೆಂಬರ್ಗಿಗೆ ಇನ್ನೂ ಎರಡು ಗಂಟೆಗೂ ಹೆಚ್ಚು ರೈಲು. ಮಂಗಳವಾರ ಮುಗಿಯಿತು. ನಾಲ್ಕು ದಿನ ಮೇಳ. ಭಾನುವಾರ ಹೊರಟರೆ ಸೋಮವಾರ ಬೆಂಗಳೂರು, ಮಂಗಳವಾರ ಬೆಳಿಗ್ಗೆ ಮನೆ. ಎಂಟು ದಿನ ಪೂರ್ತಿ ಮನೆಯಿಂದ ಹೊರಗೆ, ಜೊತೆಗೆ ಎರಡು ರಾತ್ರಿ ಬಸ್ಸಿನಲ್ಲಿ. ಆ ದಿನಗಳಲ್ಲಿ ನಿಮ್ಮ ಪಾಠ ನಿಂತಿರುತ್ತದೆ. ಮಕ್ಕಳನ್ನು ಯಾರಾದರೂ ನೋಡಿಕೊಳ್ಳಬೇಕು.

ಹೋಗುವ ಮುಂಚಿನ ಓದು ಬೇರೆ. ಜರ್ಮನ್ ಬಂದರೂ ಕಲ್ಲಿನ ಭಾಷೆ ಬರಬೇಕಲ್ಲ? ನಯಮಾಡಿದ ಕಲ್ಲಿಗೆ ಒಂದು ಹೆಸರು, ಬೆಂಕಿ ತಾಗಿಸಿ ಒರಟು ಮಾಡಿದ್ದಕ್ಕೆ ಇನ್ನೊಂದು. ಪಾಲಿಶ್ ಆದದ್ದು 'ಪೊಲಿಯೆರ್ಟ್', ಬೆಂಕಿ ತಾಗಿಸಿದ್ದು 'ಗೆಫ್ಲಾಮ್ಟ್'. ಇವನ್ನೆಲ್ಲ ಬರೆದುಕೊಂಡು ಬಾಯಿಪಾಠ ಮಾಡಲು ಎರಡು ದಿನವಾದರೂ ಬೇಕು. ಬೆಲೆಯ ವಿಷಯದಲ್ಲಂತೂ ಮೈಯೆಲ್ಲ ಕಣ್ಣಾಗಿರಬೇಕು. ಜರ್ಮನರು ಸಾವಿರಕ್ಕೆ ಚುಕ್ಕಿ ಇಡುತ್ತಾರೆ, ದಶಾಂಶಕ್ಕೆ ಅಲ್ಪವಿರಾಮ. ಕಾಗದದಲ್ಲಿ 1.500 ಎಂದಿದ್ದರೆ ಅದು ಒಂದೂವರೆ ಅಲ್ಲ, ಒಂದೂವರೆ ಸಾವಿರ! 'ಹಾಲ್ಪ್ ಡ್ರೈ'ಗೆ ಬನ್ನಿ ಎಂದರೆ, ಪದಕ್ಕೆ ಪದ ನೋಡಿದರೆ 'ಅರ್ಧ ಮೂರು'. ಆದರೆ ಬರಬೇಕಾದದ್ದು ಎರಡೂವರೆಗೆ. ಮೂರೂವರೆಗೆ ಹೋದರೆ ಗಿರಾಕಿ ಎದ್ದು ಹೋಗಿರುತ್ತಾನೆ. ವ್ಯಾಪಾರಿಗೆ ಲಕ್ಷಗಟ್ಟಲೆ ವ್ಯವಹಾರ ನಿಮ್ಮ ನಾಲಿಗೆಯ ಮೇಲೆ ನಿಂತಿರುತ್ತದೆ. ಇದನ್ನು ಜರ್ಮನಿ ನೋಡುವ ಪ್ರವಾಸ ಅನ್ನೋದು ಹೇಗೆ?

ಆದ್ದರಿಂದ ಗಂಟೆಯ ಲೆಕ್ಕ ಬೇಡ, ದಿನದ ಲೆಕ್ಕ ಹೇಳಿ. ದಿನಕ್ಕೆ 10,000 ರೂಪಾಯಿ ಎಂದು ಇಟ್ಟುಕೊಳ್ಳೋಣ. ಇದು ಲೆಕ್ಕಕ್ಕಷ್ಟೇ; ನಿಮ್ಮ ದರವನ್ನು ನಿಮ್ಮ ಪಾಠದ ಆದಾಯ, ನಿಮ್ಮ ಅನುಭವ ನೋಡಿಕೊಂಡು ನೀವೇ ನಿಗದಿ ಮಾಡಿ. ಮೇಳದ ನಾಲ್ಕು ದಿನಕ್ಕೆ 40,000. ಪ್ರಯಾಣದ ನಾಲ್ಕು ದಿನಕ್ಕೆ ಅರ್ಧ ದರ, 20,000. ಓದಿಕೊಳ್ಳುವ ಎರಡು ದಿನಕ್ಕೂ ಅರ್ಧ, 10,000. ಒಟ್ಟು 70,000. ಮೇಳದ ದಿನಗಳನ್ನಷ್ಟೇ ಹಿಡಿದು 40,000 ಕೇಳಿದಿರೋ, ಅದು ಹತ್ತು ದಿನಕ್ಕೆ ಹಂಚಿ ದಿನಕ್ಕೆ 4,000 ಆಗಿಬಿಡುತ್ತದೆ. ಅದರಲ್ಲೂ ಪಾಠ ತಪ್ಪಿದ್ದನ್ನು ಕಳೆದು ನೋಡಿ.

ಪ್ರಯಾಣದ ದಿನಕ್ಕೆ ದುಡ್ಡು ಕೇಳೋದು ದುರಾಸೆ ಅನ್ನಿಸಿದರೆ, ಜರ್ಮನಿಯವರು ಏನು ಮಾಡುತ್ತಾರೆ ಕೇಳಿ. ಅಲ್ಲಿನ ಕೋರ್ಟುಗಳಲ್ಲಿ ದುಭಾಷಿಗೆ ಎಷ್ಟು ಕೊಡಬೇಕು ಎಂಬುದಕ್ಕೆ ಕಾನೂನೇ ಇದೆ. 2021ರಲ್ಲಿ ಅದನ್ನು ಗಂಟೆಗೆ 85 ಯೂರೋ ಮಾಡಿದರು, ಆಮೇಲೆ ಇನ್ನೂ ಏರಿದೆ. ಬಂದು ಹೋಗುವ ದಾರಿಯ ಹೊತ್ತು, ಕೋರ್ಟಿನ ವರಾಂಡದಲ್ಲಿ ಕಾದು ಕೂತ ಹೊತ್ತು, ಅದಕ್ಕೂ ಅದೇ ದರ. ನಮ್ಮೂರಿನ ವ್ಯಾಪಾರಿಯಿಂದ ನೀವು ಅಷ್ಟು ಕೇಳಲಾರಿರಿ, ಕೇಳಿ ಎಂದೂ ನಾನು ಹೇಳುತ್ತಿಲ್ಲ. ದಾರಿಯ ಹೊತ್ತು ಬಿಟ್ಟಿ ಅಲ್ಲ ಎಂಬುದಷ್ಟೇ ಮುಖ್ಯ.

ದೊಡ್ಡ ಸಮ್ಮೇಳನಗಳ ದುಭಾಷಿಗಳಿಗೆ 1953ರಲ್ಲಿ ಹುಟ್ಟಿದ ಒಂದು ಅಂತರರಾಷ್ಟ್ರೀಯ ಸಂಘವಿದೆ, ಅದರ ಕಚೇರಿ ಜಿನೀವಾದಲ್ಲಿ. ಅದರ ಸದಸ್ಯರು ತಮ್ಮ ವೃತ್ತಿಯ ಊರು ಯಾವುದೆಂದು ಮೊದಲೇ ಬರೆದುಕೊಟ್ಟಿರುತ್ತಾರೆ. ಪ್ರಯಾಣದ ಲೆಕ್ಕ ಆ ಊರಿನಿಂದಲೇ ಶುರು. ಸೋದರಿ, ನಿಮ್ಮ ಊರು ಇಲಕಲ್ಲು, ಬೆಂಗಳೂರಿನ ವಿಮಾನ ನಿಲ್ದಾಣವಲ್ಲ. ಬಸ್ಸು, ಬೆಂಗಳೂರಿನ ತಿಂಡಿ-ಊಟ, ವಿಮಾನ ನಿಲ್ದಾಣದ ಟ್ಯಾಕ್ಸಿ, ಎಲ್ಲವನ್ನೂ ಬರೆಯಿರಿ. ವೀಸಾಕ್ಕೆ ಬೆರಳಚ್ಚು ಕೊಡಲು ಇನ್ನೊಂದು ಸಲ ಬೆಂಗಳೂರಿಗೆ ಹೋಗಬೇಕಾದೀತು, ಅದೂ ಸೇರಲಿ. ವೀಸಾ ಶುಲ್ಕ 2024ರ ಜೂನ್‌ನಿಂದ 90 ಯೂರೋ. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆಯೂ ಕಡ್ಡಾಯ. ಎರಡೂ ವ್ಯಾಪಾರಿಯ ಖರ್ಚು. "ಪ್ರವಾಸ ಅಂತ ಬರೆದುಬಿಡಿ, ಸಲೀಸಾಗ್ತದ" ಎಂದರೆ ಮಾತ್ರ ಒಪ್ಪಲೇಬೇಡಿ. ಹೋಗುವ ಕಾರಣ ಏನಿದೆಯೋ ಅದನ್ನೇ ಬರೆಯಿರಿ.

ಊಟದ ವಿಷಯ. "ಊಟ ನಮ್ಮದೇ" ಅಂದರೆ ಅವರು ಕರೆದಾಗ, ಅವರು ಕರೆದಲ್ಲಿ ಉಣ್ಣಬೇಕು. ಸಸ್ಯಾಹಾರಿಗಳಿಗೆ ಅದು ಕಷ್ಟವೇ. ಬದಲಿಗೆ ದಿನಭತ್ಯೆ ಕೇಳಿ. ಜರ್ಮನಿಯ ಒಳಗೇ ಕೆಲಸಕ್ಕೆ ಓಡಾಡುವವರಿಗೆ ಅಲ್ಲಿನ ತೆರಿಗೆ ಕಾನೂನು 2020ರಿಂದ ಊಟಕ್ಕೆಂದು ಪೂರ್ತಿ ದಿನಕ್ಕೆ 28 ಯೂರೋ, ಹೋಗುವ ಬರುವ ದಿನಗಳಿಗೆ 14 ಯೂರೋ ಒಪ್ಪುತ್ತದೆ. ಬೆಳಗಿನ ತಿಂಡಿ ಹೋಟೆಲಿನದಾದರೆ ಪೂರ್ತಿ ದಿನದ ಮೊತ್ತದಲ್ಲಿ ಐದರಲ್ಲೊಂದು ಪಾಲು ಕಳೆಯುತ್ತಾರೆ. ಇದನ್ನೇ ಅಳತೆಗೋಲು ಮಾಡಿಕೊಳ್ಳಬಹುದು.

ರಾತ್ರಿ ಗಿರಾಕಿಗಳ ಜೊತೆ ಊಟಕ್ಕೆ ಬನ್ನಿ ಅಂತಾರಲ್ಲ, ಅದು ಊಟ ಅಲ್ಲ, ಕೆಲಸ. ಇವರು ಮಾತಾಡಿದ್ದನ್ನು ಅವರಿಗೆ, ಅವರು ಹೇಳಿದ್ದನ್ನು ಇವರಿಗೆ ಹೇಳುವ ಹೊತ್ತಿಗೆ ನಿಮ್ಮ ತಟ್ಟೆ ತಣ್ಣಗಾಗಿರುತ್ತದೆ. ದಿನಕ್ಕೆ ಎಂಟು ಗಂಟೆ, ಅದರ ಮೇಲೆ ಗಂಟೆಗೆ ಇಷ್ಟು ಎಂದು ಮೊದಲೇ ಹೇಳಿಬಿಡಿ. ಈ ಕೆಲಸ ತಲೆಯನ್ನು ಎಷ್ಟು ಹಿಂಡುತ್ತದೆ ಎಂಬುದಕ್ಕೆ ಅದೇ ನ್ಯೂರೆಂಬರ್ಗ್ ಊರೇ ಸಾಕ್ಷಿ. 1945ರ ನವೆಂಬರಿನಲ್ಲಿ ಅಲ್ಲಿ ನಾಜಿ ನಾಯಕರ ವಿಚಾರಣೆ ಶುರುವಾದಾಗ ನಾಲ್ಕು ಭಾಷೆಗಳಲ್ಲಿ ಕೂಡಲೇ ಅನುವಾದಿಸಿ ಹೇಳಲು ದುಭಾಷಿಗಳ ಮೂರು ತಂಡ ಕಟ್ಟಿದ್ದರು, ತಂಡಕ್ಕೆ ಹನ್ನೆರಡು ಜನ. ಒಂದು ತಂಡ ಮಾತಾಡುವಾಗ ಇನ್ನೊಂದು ಪಕ್ಕದಲ್ಲಿ ಕಾದಿರುತ್ತಿತ್ತು, ಮೂರನೆಯದಕ್ಕೆ ಆ ದಿನ ವಿಶ್ರಾಂತಿ. ಈಗಲೂ ಸಮ್ಮೇಳನಗಳಲ್ಲಿ ಗಾಜಿನ ಕೋಣೆಯೊಳಗೆ ಇಬ್ಬರು ಕೂತು ಸುಮಾರು ಅರ್ಧ ಗಂಟೆಗೊಮ್ಮೆ ಬದಲಾಗುತ್ತಾರೆ. ನಿಮಗೆ ಜೊತೆಯಿಲ್ಲ. ಮಧ್ಯಾಹ್ನ ಒಂದು ಗಂಟೆ ಬಿಡುವು ಬೇಕೇ ಬೇಕು ಎಂದು ಹೇಳಲು ನಾಚಿಕೊಳ್ಳಬೇಡಿ.

ಕೋಣೆ ನಿಮಗೊಬ್ಬರಿಗೇ ಬೇಕು. ತಂಡದಲ್ಲಿ ಬೇರೆ ಹೆಂಗಸರಿದ್ದರೂ ಅಷ್ಟೇ. ವಾಪಸು ಟಿಕೆಟ್ಟು, ಪಾಸ್‌ಪೋರ್ಟು ನಿಮ್ಮ ಕೈಯಲ್ಲೇ ಇರಲಿ. ಅರ್ಧ ಹಣ ಟಿಕೆಟ್ಟು ತೆಗೆಸುವ ಮುಂಚೆ, ಉಳಿದದ್ದು ಬಂದ ಮೇಲೆ ಇಷ್ಟು ದಿನದೊಳಗೆ. ಕೊನೆ ಗಳಿಗೆಯಲ್ಲಿ ಅವರೇ ಬೇಡವೆಂದರೆ ಮುಂಗಡ ವಾಪಸಿಲ್ಲ ಎಂಬ ಸಾಲೂ ಇರಲಿ. ಸಂಭಾವನೆಗೆ ಒಂದು ಬಿಲ್ಲು, ಪ್ರಯಾಣದ ಖರ್ಚಿಗೆ ರಸೀದಿಗಳ ಸಮೇತ ಇನ್ನೊಂದು. ಸಂಭಾವನೆಯಲ್ಲಿ ಶೇಕಡಾ 10 ಟಿ.ಡಿ.ಎಸ್. ಹಿಡಿದಾರು, ಗಾಬರಿ ಬೇಡ. ಪ್ಯಾನ್ ನಂಬರು ಕೊಡಿ, ಲೆಕ್ಕ ಸಲ್ಲಿಸುವಾಗ ಅದು ನಿಮ್ಮ ಹೆಸರಿಗೇ ಜಮಾ ಇರುತ್ತದೆ. ಪ್ಯಾನ್ ಇಲ್ಲದಿದ್ದರೆ ಹಿಡಿಯೋದು ಶೇಕಡಾ 20.

ಇಷ್ಟನ್ನೂ ಎದುರಿಗೆ ನಿಂತು ಹೇಳಲು ಸಂಕೋಚವಾದರೆ ಒಂದು ಹಾಳೆಯಲ್ಲಿ ಬರೆದು ಕಳಿಸಿ: "ಮೇಳಕ್ಕೆ ದುಭಾಷಿಯಾಗಿ ಬರಲು ಸಂತೋಷ. ನನ್ನ ಸಂಭಾವನೆ ದಿನಕ್ಕೆ ಇಷ್ಟು, ಪ್ರಯಾಣ ಮತ್ತು ಸಿದ್ಧತೆಯ ದಿನಗಳಿಗೆ ಅರ್ಧ. ಪ್ರಯಾಣ, ವಸತಿ, ವೀಸಾ, ವಿಮೆ, ದಿನಭತ್ಯೆ ತಮ್ಮದು. ಒಪ್ಪಿಗೆಯಾದರೆ ಸಹಿ ಮಾಡಿ ಒಂದು ಪ್ರತಿ ಕಳಿಸಿ." ಅವರು ಚೌಕಾಸಿ ಮಾಡುತ್ತಾರೆ, ಮಾಡಲಿ, ವ್ಯಾಪಾರಿಗಳಲ್ಲವೇ! ಬಿಟ್ಟುಕೊಡಲೇಬೇಕಾದರೆ ದರದಲ್ಲಿ ಸ್ವಲ್ಪ ಬಿಡಿ. ಪ್ರಯಾಣದ ದಿನಗಳನ್ನಾಗಲಿ, ಒಂಟಿ ಕೋಣೆಯನ್ನಾಗಲಿ ಬಿಡಬೇಡಿ. ಆ ಕಾಗದವನ್ನು ಕಳಿಸುವ ಮುಂಚೆ ಯಜಮಾನರಿಗೂ ಒಮ್ಮೆ ಓದಲು ಕೊಡಿ. ಸುಮ್ಮನಿದ್ದವರು ಲೆಕ್ಕ ನೋಡಿ ಬಾಯಿ ಬಿಟ್ಟಾರು.

ಇನ್ನೊಂದು ಮಾತು. ಪ್ರಯಾಣಿಕರು ಹೊರಗಿನಿಂದ ಹಾಲಿನ ಪದಾರ್ಥ, ಮಾಂಸ ತರುವುದನ್ನು ಯೂರೋಪಿನವರು ಬಿಡುವುದಿಲ್ಲ. ತುಪ್ಪ, ಧಾರವಾಡ ಪೇಡೆ ಕಟ್ಟಿಕೊಂಡು ಹೋಗಿ ನಿಲ್ದಾಣದಲ್ಲಿ ಬಿಟ್ಟು ಬರಬೇಡಿ. ಶೇಂಗಾ ಚಟ್ನಿಪುಡಿ, ಅವಲಕ್ಕಿ ಇಟ್ಟುಕೊಳ್ಳಿ. ತಣ್ಣಗಾದ ಆ ತಟ್ಟೆ ಬಿಟ್ಟು ರಾತ್ರಿ ಹತ್ತಕ್ಕೆ ಕೋಣೆಗೆ ಬಂದಾಗ ಅವೇ ಬೇಕಾಗೋದು.