ಅತಿಥಿಗಳು ಎದ್ದುಹೋದ ಮೇಲೆ ವೇದಿಕೆ ಯಾರದ್ದು?

ಮಂಗಳೂರಿನ ವಾಮಂಜೂರಿನಲ್ಲಿರುವ ಸೇಂಟ್ ಜೋಸೆಫ್ ಎಂಜಿನಿಯರಿಂಗ್ ಕಾಲೇಜಿನಲ್ಲಿ 2022ರ ಡಿಸೆಂಬರ್ ಮೊದಲ ವಾರ ವಿದ್ಯಾರ್ಥಿ ಸಂಘದ ಉದ್ಘಾಟನೆಯಾಯಿತು. ಅದೇ ವೇದಿಕೆಯಲ್ಲಿ ನಾಲ್ವರು ಹುಡುಗರು ಬುರ್ಖಾ ತೊಟ್ಟು ಬಾಲಿವುಡ್ಡಿನ ಐಟಂ ಹಾಡೊಂದಕ್ಕೆ ಕುಣಿದರು. ಯಾರದೋ ಮೊಬೈಲಿನಲ್ಲಿ ಸೆರೆಯಾದ ಆ ಕುಣಿತ ನೋಡನೋಡುತ್ತಲೇ ಊರೆಲ್ಲ ಸುತ್ತಿತು. ಕಾಲೇಜು ತಡಮಾಡಲಿಲ್ಲ. ವಿಚಾರಣೆ ಮುಗಿಯುವ ತನಕ ನಾಲ್ವರೂ ಅಮಾನತು. ಕುಣಿದವರು ಮುಸ್ಲಿಂ ವಿದ್ಯಾರ್ಥಿಗಳೇ, ಕಾರ್ಯಕ್ರಮದ ಅನೌಪಚಾರಿಕ ಭಾಗದಲ್ಲಿ ವೇದಿಕೆಗೆ ನುಗ್ಗಿದರು, ಒಪ್ಪಿಗೆ ಪಡೆದ ಪಟ್ಟಿಯಲ್ಲಿ ಈ ನೃತ್ಯ ಇರಲಿಲ್ಲ, ಸೌಹಾರ್ದಕ್ಕೆ ಧಕ್ಕೆ ತರುವ ಯಾವುದನ್ನೂ ನಾವು ಬೆಂಬಲಿಸುವುದಿಲ್ಲ ಎಂದು ಪ್ರಾಂಶುಪಾಲರ ಹೇಳಿಕೆ ಬಂತು.

ಅಲ್ಲಿಗೆ ಸುದ್ದಿ ತಣ್ಣಗಾಯಿತು. ಆದರೆ ಆ ಹೇಳಿಕೆಯ ಒಂದು ಮಾತನ್ನು ಮಂಗಳೂರಿನ ಯಾವ ಕಾಲೇಜೂ ಇವತ್ತಿನವರೆಗೆ ಗಂಭೀರವಾಗಿ ಎತ್ತಿಕೊಂಡಿಲ್ಲ. ಏನಿದು ಅನೌಪಚಾರಿಕ ಭಾಗ?

ಇಲ್ಲಿನ ಯಾವುದೇ ಕಾಲೇಜಿನ ಟ್ಯಾಲೆಂಟ್ಸ್ ಡೇ, ಫ್ರೆಶರ್ಸ್ ಡೇ, ಇತ್ತೀಚೆಗೆ ಎಂಬಿಎ ವಿಭಾಗಗಳಿಂದ ಎಲ್ಲ ಕಡೆಗೂ ಹಬ್ಬಿರುವ ಟೀಮ್ ಬಿಲ್ಡಿಂಗ್ ದಿನ, ಯಾವುದನ್ನಾದರೂ ನೋಡಿ. ಬೆಳಗ್ಗೆ ಪ್ರಾರ್ಥನೆ, ದೀಪ, ಹೂಗುಚ್ಛ, ಅತಿಥಿಗಳ ಭಾಷಣ, ಸ್ಮರಣಿಕೆ, ವಂದನಾರ್ಪಣೆ. ಇಷ್ಟಕ್ಕೆ ವಾರಗಟ್ಟಲೆ ತಯಾರಿ, ಯಾರು ಎಲ್ಲಿ ಕೂರಬೇಕೆಂಬುದಕ್ಕೂ ಸಮಿತಿ. ವಂದನಾರ್ಪಣೆ ಮುಗಿದದ್ದೇ ಅತಿಥಿಗಳ ಹಿಂದೆ ಪ್ರಾಂಶುಪಾಲರು, ಅವರ ಹಿಂದೆ ವಿಭಾಗ ಮುಖ್ಯಸ್ಥರು, ಎಲ್ಲರೂ ಊಟಕ್ಕೆ. ಸಭಾಂಗಣದಲ್ಲಿ ಉಳಿಯುವವರು ಮೈಕು ಹಿಡಿದ ಇಬ್ಬರು ನಿರೂಪಕರು, ಸೌಂಡ್ ಸಿಸ್ಟಮಿನವನು, ಬಾಗಿಲ ಬಳಿ ಗಡಿಯಾರ ನೋಡುತ್ತ ನಿಂತ, ಕೆಲಸ ಇನ್ನೂ ಖಾಯಂ ಆಗದ ಒಬ್ಬ ಕಿರಿಯ ಉಪನ್ಯಾಸಕ. ವಿದ್ಯಾರ್ಥಿಗಳು ತಿಂಗಳಿಡೀ ಕಾದ ಹೊತ್ತು ಶುರುವಾಗುವುದೇ ಆಗ. ತಂಡಗಳ ಕುಣಿತ, ಜಾಹೀರಾತಿನ ಅಣಕವಾದ ಮ್ಯಾಡ್ ಆ್ಯಡ್, ಸ್ಕಿಟ್, ಅನುಕರಣೆ, ಶಿಳ್ಳೆ, ಬಹುಮಾನ. ಕಾಲೇಜು ತನ್ನದೆಂದು ಒಪ್ಪಿಕೊಳ್ಳುವುದು ಮೊದಲ ಭಾಗವನ್ನು. ವಿದ್ಯಾರ್ಥಿಗಳ ಪಾಲಿಗೆ ಅದು ಸಹಿಸಿಕೊಳ್ಳಬೇಕಾದ ಶಿಕ್ಷೆ. ಎರಡನೆಯ ಭಾಗಕ್ಕೆ ಯಜಮಾನರೇ ಇಲ್ಲ. ಅಲ್ಲಿ ಏನಾದರೂ ಎಡವಟ್ಟಾದರೆ ಹುಡುಗರು 'ನುಗ್ಗಿದರು'.

ನುಗ್ಗಿದರೆಂದೇ ಇಟ್ಟುಕೊಳ್ಳೋಣ. ನಾಲ್ಕು ಬುರ್ಖಾ ಹೊಂದಿಸಿಕೊಂಡು, ಹೆಜ್ಜೆ ಜೋಡಿಸಿಕೊಂಡು, ಬೇಕಾದ ಹಾಡಿಗೆ ಬೇಕಾದ ಹೊತ್ತಿನಲ್ಲಿ ನುಗ್ಗುವುದೆಂದರೆ ಅದಕ್ಕೂ ಒಂದಿಷ್ಟು ತಾಲೀಮು ಬೇಕು. ಹಾಡು ಹಾಕಿದವರು ಯಾರು? ನಿಲ್ಲಿಸಲು ಯಾರೂ ಇರಲಿಲ್ಲವೆ? ಇದ್ದೂ ನಿಲ್ಲಿಸಲಿಲ್ಲವೆ? ಅಮಾನತಿನ ಆದೇಶ ನಾಲ್ವರ ಕಡೆಗೆ ಬೆರಳು ತೋರಿಸಿತು, ಈ ಪ್ರಶ್ನೆಗಳ ಕಡೆಗೆ ತೋರಿಸಲಿಲ್ಲ.

ಆ ಕುಣಿತವನ್ನು ನಾನು ಸಮರ್ಥಿಸುತ್ತಿಲ್ಲ. ಗಂಡುಹುಡುಗರು ಹೆಣ್ಣಿನ ಉಡುಗೆ ತೊಟ್ಟು ಸೊಂಟ ಕುಲುಕಿಸಿ ನಗಿಸುವುದು ಹಳಸಲು ತಮಾಷೆ. ಅದನ್ನು ಮಾಡಿದ ವರ್ಷವಂತೂ ಇನ್ನೂ ಕೆಟ್ಟದ್ದು. ತರಗತಿಯಲ್ಲಿ ಹಿಜಾಬಿನ ವಿಷಯವಾಗಿ 2022ರ ಫೆಬ್ರವರಿ 5ರ ಸರ್ಕಾರಿ ಆದೇಶ, ಮಾರ್ಚ್ 15ರ ಹೈಕೋರ್ಟ್ ತೀರ್ಪು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಎರಡು ದಿಕ್ಕಿನ ತೀರ್ಪು. ನಡುವೆ ಹಂಪನಕಟ್ಟೆಯ ವಿಶ್ವವಿದ್ಯಾನಿಲಯ ಕಾಲೇಜಿನಲ್ಲಿ ಹಿಜಾಬಿನ ಪರ ವಿರೋಧ ಜಗಳ. ಇದೇ ಕರಾವಳಿಯ ಹೆಣ್ಣುಮಕ್ಕಳು ತಲೆಯ ಮೇಲಿನ ಬಟ್ಟೆಗಾಗಿ ತರಗತಿ ಕಳೆದುಕೊಂಡ ವರ್ಷದಲ್ಲಿ ಗಂಡುಹುಡುಗರಿಗೆ ಅಂಥದೇ ಉಡುಗೆ ನಗೆಸರಕಾಯಿತು. ಅವರು ಅದೇ ಸಮುದಾಯದವರೆಂಬುದು ಅವರ ಮೇಲಿನ ಅನುಮಾನವನ್ನು ಕಡಿಮೆ ಮಾಡಬಹುದು, ತಮಾಷೆಯ ಮಟ್ಟವನ್ನು ಏರಿಸುವುದಿಲ್ಲ. ಸಭಾಂಗಣದಲ್ಲಿ ಕೂತಿದ್ದ ಹುಡುಗಿಯರಿಗೆ ಏನನ್ನಿಸಿತೆಂದು ಕೇಳಿದ ಒಂದು ವರದಿಯನ್ನೂ ನಾನು ಓದಲಿಲ್ಲ.

ಆದರೆ ಹಳಸಲು ತಮಾಷೆಗೆ ಮದ್ದು ಅಮಾನತೆ? ಕಾಲೇಜು ಎನ್ನುವುದು ಇರುವುದೇ ಹತ್ತೊಂಬತ್ತರ ಹುಡುಗನನ್ನು ಕೂರಿಸಿ 'ನೀನು ಮಾಡಿದ್ದು ಯಾರಿಗೆ ಹೇಗೆ ತಾಗುತ್ತದೆ ಗೊತ್ತುಂಟಾ' ಎಂದು ಕೇಳಲಿಕ್ಕೆ. ಆ ಪಾಠವನ್ನು ತಾಲೀಮಿನ ದಿನವೇ ಮಾಡಬಹುದಿತ್ತು. ಅಂದು ಮೇಷ್ಟ್ರು ಇರಲಿಲ್ಲ, ವಿಡಿಯೊ ಹರಡಿದ ದಿನ ಆಡಳಿತಾಧಿಕಾರಿ ಬಂದರು.

ಪ್ರಾಂಶುಪಾಲರ ಕಷ್ಟ ನನಗೆ ತಿಳಿಯದ್ದಲ್ಲ. ಆ ವರ್ಷದ ಜುಲೈ 26ರಂದು ಬಿಜೆಪಿಯ ಯುವ ಕಾರ್ಯಕರ್ತ ಪ್ರವೀಣ್ ನೆಟ್ಟಾರು ಕೊಲೆ, ಎರಡೇ ದಿನದಲ್ಲಿ ಸುರತ್ಕಲ್ಲಿನಲ್ಲಿ ಮುಸ್ಲಿಂ ಯುವಕ ಫಾಝಿಲ್ ಕೊಲೆ, ನವೆಂಬರ್ 19ರಂದು ನಗರದೊಳಗೆ ಆಟೋರಿಕ್ಷಾದಲ್ಲಿ ಕುಕ್ಕರ್ ಸ್ಫೋಟ. ಸ್ಫೋಟವಾಗಿ ಮೂರು ವಾರ ತುಂಬುವ ಮೊದಲೇ ಈ ವಿಡಿಯೊ. ಗೇಟಿನ ಹೊರಗೆ ಯಾವ ಬಣ್ಣದ ಶಾಲು ಬಂದು ನಿಲ್ಲುತ್ತದೋ ಎಂಬ ಭಯ ಯಾರಿಗಾದರೂ ಸಹಜ. ಹುಡುಗರನ್ನು ಕೆಲವು ದಿನ ಮನೆಯಲ್ಲಿರಿಸುವುದು ಅವರ ಕ್ಷೇಮಕ್ಕೇ ಇದ್ದಿರಬಹುದು. ಹಾಗಿದ್ದರೆ ಹಾಗೆಂದೇ ಹೇಳಬೇಕಿತ್ತು. ರಕ್ಷಣೆಗೆ ಶಿಕ್ಷೆಯ ಹೆಸರು ಕೊಟ್ಟರೆ ಹೊರಗಿನವರಿಗೆ ಒಂದು ಪಾಠ ಸಿಗುತ್ತದೆ: ವಿಡಿಯೊ ಹರಡಿದರೆ ಸಾಕು, ಸಂಸ್ಥೆ ತನ್ನವರನ್ನು ಬಿಟ್ಟುಕೊಡುತ್ತದೆ. 2024ರ ಫೆಬ್ರವರಿಯಲ್ಲಿ ಜೆಪ್ಪುವಿನ ಸೇಂಟ್ ಜೆರೋಸಾ ಶಾಲೆಯಲ್ಲಿ ಕಂಡದ್ದೂ ಇದನ್ನೇ. ಶಿಕ್ಷಕಿಯೊಬ್ಬರು ಹಿಂದೂ ದೇವರನ್ನು ಹೀಯಾಳಿಸಿದರೆಂದು ಆರೋಪಿಸುವ ಒಂದು ಆಡಿಯೊ ಹರಡಿತು, ಶಾಸಕರ ಸಮೇತ ಜನ ಗೇಟಿಗೆ ಬಂದರು, ಆರೋಪದ ತನಿಖೆಗೆ ಮೊದಲೇ ಶಿಕ್ಷಕಿಯ ಕೆಲಸ ಹೋಯಿತು.

ಇನ್ನೊಂದು ಕಡೆಯಿಂದ ಬರುವ ಸಲಹೆ ಸುಲಭದ್ದು: ಈ ರಗಳೆಯೇ ಬೇಡ, ಡ್ಯಾನ್ಸು ಸ್ಕಿಟ್ಟು ನಿಲ್ಲಿಸಿ, ಉಪನ್ಯಾಸ ಇಡಿ. ನಿಲ್ಲಿಸಿದರೆ ಹುಡುಗರು ಕುಣಿಯುವುದನ್ನು ಬಿಡುತ್ತಾರೆಯೆ? ರೆಸಾರ್ಟಿಗೋ ಪಬ್ಬಿಗೋ ಹೋಗುತ್ತಾರೆ. 2022ರ ಜುಲೈ 25ರ ರಾತ್ರಿ ಬಲ್ಮಠದ ಪಬ್ಬೊಂದರಲ್ಲಿ ವಿದ್ಯಾರ್ಥಿಗಳ ವಿದಾಯಕೂಟಕ್ಕೆ ಬಜರಂಗದಳದವರು ಹೋಗಿ ಅಡ್ಡಿಪಡಿಸಿದ್ದು ದೇಶಕ್ಕೆಲ್ಲ ಸುದ್ದಿಯಾಯಿತು. 2023ರ ಜೂನ್ 1ರಂದು ಸೋಮೇಶ್ವರದ ಕಡಲತೀರದಲ್ಲಿ ಸ್ನೇಹಿತೆಯರ ಜೊತೆ ಕೂತಿದ್ದ ಕೇರಳದ ವಿದ್ಯಾರ್ಥಿಗಳು ಏಟು ತಿಂದರು. ಈ ನಗರದಲ್ಲಿ ಬೇರೆ ಬೇರೆ ಧರ್ಮದ ಹುಡುಗ ಹುಡುಗಿಯರು ಹೆದರದೆ ಒಂದೇ ತಂಡದಲ್ಲಿ ನಿಲ್ಲಬಹುದಾದ ಜಾಗ ಇನ್ನೂ ಉಳಿದಿದ್ದರೆ ಅದು ಕಾಲೇಜಿನ ವೇದಿಕೆ. ಅದನ್ನೂ ಮುಚ್ಚಿ ಆಮೇಲೆ ಟೀಮ್ ಬಿಲ್ಡಿಂಗ್ ಎಂದು ಹೊರಗಿನ ಕಂಪನಿಗೆ ಹಣ ಕೊಟ್ಟು ಬಲೂನು ಒಡೆಸುವುದು, ಹಗ್ಗ ಎಳೆಸುವುದು ನನಗಂತೂ ಅಣಕದಂತೆ ಕಾಣುತ್ತದೆ.

ವೇಷದ ಪ್ರಶ್ನೆ ಬುರ್ಖಾದೊಂದಿಗೆ ಮುಗಿಯುವುದಿಲ್ಲ, ತುಳುನಾಡಿನ ದೈವದ ವಿಷಯಕ್ಕೆ ಬರೋಣ. 2022ರ ಸೆಪ್ಟೆಂಬರ್ 30ರಂದು 'ಕಾಂತಾರ' ತೆರೆಕಂಡ ಮೇಲೆ ಶಾಲೆ ಕಾಲೇಜುಗಳ ಸ್ಪರ್ಧೆಗಳಿಗೂ ದೈವದ ವೇಷ ಬಂತು. ಕೊನೆಯಲ್ಲಿ ಒಂದು ಕೂಗು, ಬೆಂಕಿಬಣ್ಣದ ಬೆಳಕು, ಚಪ್ಪಾಳೆ. ತಂಡಕ್ಕೆ ಅಂಕ ಗ್ಯಾರಂಟಿ. ದೈವಾರಾಧಕರು, ದೈವ ಕಟ್ಟುವವರು ಆಕ್ಷೇಪಿಸುತ್ತಲೇ ಬಂದರು. 2025ರ ಅಕ್ಟೋಬರಿನಲ್ಲಿ 'ಕಾಂತಾರ ಚಾಪ್ಟರ್ 1' ಬಂದಾಗ ಚಿತ್ರಮಂದಿರಗಳಿಗೇ ಜನ ವೇಷ ತೊಟ್ಟು ಬರತೊಡಗಿ, ದಯವಿಟ್ಟು ಅನುಕರಿಸಬೇಡಿ ಎಂದು ನಿರ್ಮಾಣ ಸಂಸ್ಥೆಯೇ ಕೇಳಿಕೊಳ್ಳಬೇಕಾಯಿತು. ಆಕ್ಷೇಪದಲ್ಲಿ ಹುರುಳಿದೆ. ನಲಿಕೆ, ಪರವ, ಪಂಬದ ಸಮುದಾಯದವರು ಎಣ್ಣೆಬೂಳ್ಯ (ಎಣ್ಣೆ, ವೀಳ್ಯ) ಪಡೆದು, ವ್ರತ ಹಿಡಿದು, ದೈವದ ಕಥೆಯ ಪಾಡ್ದನ ಹೇಳಿಸಿಕೊಂಡು, ಬೆನ್ನಿಗೆ ಅಣಿ ಕಟ್ಟಿಸಿಕೊಂಡು, ಕಾಲಿಗೆ ಗಗ್ಗರ ತೊಟ್ಟು ರಾತ್ರಿಯಿಡೀ ಹೊರುವ ಭಾರವದು. ಅದನ್ನು ಏಳು ನಿಮಿಷದ ಸ್ಪರ್ಧೆಗೆ ಬಾಡಿಗೆ ವೇಷದಲ್ಲಿ ಇಳಿಸುವಾಗ, ಈ ಕಟ್ಟುವವರು ಅಂಗಳದಲ್ಲಿ ಎಲ್ಲಿ ನಿಲ್ಲಬೇಕಾಗಿತ್ತು, ಅವರಿಗೆ ಊಟದ ಎಲೆ ಎಲ್ಲಿ ಹಾಕುತ್ತಿದ್ದರು ಎಂಬುದನ್ನು ಒಬ್ಬ ವಿದ್ಯಾರ್ಥಿಯಾದರೂ ಕೇಳಿದ್ದಾನೆಯೆ?

ಕೇಳಿಸುವ ಕೆಲಸ ಯಾರದ್ದು? ಮಂಗಳೂರು ವಿಶ್ವವಿದ್ಯಾನಿಲಯದ ಕನ್ನಡ ವಿಭಾಗದಲ್ಲಿದ್ದ ಕೆ. ಚಿನ್ನಪ್ಪ ಗೌಡರು ಭೂತಾರಾಧನೆಯ ಬಗ್ಗೆ ಗ್ರಂಥವನ್ನೇ ಬರೆದಿದ್ದಾರೆ. ಅಲ್ಲಿ ತುಳುವಿಗೆ ಎಂ.ಎ. ತರಗತಿಯೂ ಶುರುವಾಗಿತ್ತು. ಇಷ್ಟು ತಿಳಿವಳಿಕೆ ಕೈಯಳತೆಯಲ್ಲಿದ್ದರೂ ಸ್ಪರ್ಧೆಯ ತಯಾರಿ ನಡೆಯುವುದು ರೀಲ್ಸ್ ನೋಡಿ, ಇಲ್ಲವೆ ಸಾವಿರಾರು ರೂಪಾಯಿ ಕೊಟ್ಟು ತಂದ ಕೊರಿಯೋಗ್ರಾಫರನ ಮಾತು ಕೇಳಿ. ಒಬ್ಬನೇ ಕೊರಿಯೋಗ್ರಾಫರ್ ಒಂದೇ ಋತುವಿನಲ್ಲಿ ಹಲವು ಕಾಲೇಜಿಗೆ ಕಲಿಸುವುದರಿಂದ ಮೊದಲ ಬಹುಮಾನಕ್ಕೂ ಮೂರನೆಯದಕ್ಕೂ ನಡುವೆ ಬಟ್ಟೆಯ ಬಣ್ಣವಷ್ಟೇ ವ್ಯತ್ಯಾಸವೆಂಬುದು ತೀರ್ಪುಗಾರರಿಗೂ ಗೊತ್ತಿರುವ ಗುಟ್ಟು.

ಬೇರೆ ದಾರಿ ಇಲ್ಲವೆಂದಲ್ಲ, ಇದೇ ಊರಲ್ಲಿದೆ. ಎಸ್‌ಡಿಎಂ ಕಾನೂನು ಕಾಲೇಜು ನಡೆಸುವ 'ಯಕ್ಷೋತ್ಸವ' ಅಂತರ ಕಾಲೇಜು ಯಕ್ಷಗಾನ ಸ್ಪರ್ಧೆಯನ್ನು ಗಮನಿಸಿ. ಅದಕ್ಕೆ ಬರುವ ತಂಡ ತಿಂಗಳುಗಟ್ಟಲೆ ಗುರುವಿನೆದುರು ಹೆಜ್ಜೆ ಹಾಕಿರಬೇಕು. ಚೆಂಡೆ ಮದ್ದಳೆಗೆ ಕಿವಿಗೊಡದವನು ಎಷ್ಟೇ ಚೆಂದ ಕುಣಿದರೂ ಆಟ ಕೆಡುತ್ತದೆ. ರಕ್ಕಸನ ಬಣ್ಣದ ವೇಷದವನು ಅಬ್ಬರಿಸುವಾಗ ತರುಣವೀರನ ಪುಂಡುವೇಷದವನು ಸುಮ್ಮನೆ ನಿಲ್ಲಲು ಕಲಿತಿರಬೇಕು. ಅರ್ಥ ಹೇಳುವವನಿಗೆ ಎದುರಾಳಿಯ ಮಾತನ್ನು ಕೇಳಿ ಉತ್ತರಿಸುವ ತಾಳ್ಮೆ ಬೇಕು. ನವರಾತ್ರಿಯ ಹುಲಿವೇಷದ ತಂಡಗಳನ್ನೂ ನೋಡಬಹುದು. ತಾಸೆ ವಾದ್ಯದ ಪೆಟ್ಟಿಗೆ ಸರಿಯಾಗಿ ಹಲ್ಲಿನಲ್ಲಿ ಅಕ್ಕಿಮುಡಿ ಎತ್ತಿ ಹಿಂದಕ್ಕೆಸೆಯುವ ಹುಡುಗನ ಬೆನ್ನಿಗೆ ಇಡೀ ತಂಡದ ಕಣ್ಣು ಇರುತ್ತದೆ.

ತಾಂತ್ರಿಕ ಕಾಲೇಜುಗಳಿಗಂತೂ ಹೊತ್ತಿಲ್ಲವೆಂಬ ನೆಪವೂ ಸಲ್ಲದು. ಹೊಸ ವಿದ್ಯಾರ್ಥಿಗಳಿಗೆ ಮೂರು ವಾರಗಳ ಪ್ರವೇಶ ಕಾರ್ಯಕ್ರಮ ನಡೆಸಿ, ಅದರಲ್ಲಿ ಕಲೆ, ಆಟ, ಊರಿನ ಪರಿಚಯ ಎಲ್ಲ ಇರಲಿ ಎಂದು ತಾಂತ್ರಿಕ ಶಿಕ್ಷಣದ ನಿಯಂತ್ರಕ ಸಂಸ್ಥೆ ಎಐಸಿಟಿಇಯೇ ಹೇಳಿದೆ. ಯುಜಿಸಿ 2019ರಲ್ಲಿ 'ದೀಕ್ಷಾರಂಭ'ವೆಂಬ ಮಾರ್ಗಸೂಚಿ ತಂದಿದೆ. ಎಷ್ಟು ಕಡೆ ಇವು ನಿಯಮ ಓದಿ ಹೇಳುವ ಸಭೆ, ಜೊತೆಗೊಂದು ಗ್ರೂಪ್ ಫೋಟೊಗೆ ಮುಗಿದುಹೋಗುತ್ತಿವೆಯೆಂದು ಹೆತ್ತವರು ತಮ್ಮ ಮಕ್ಕಳನ್ನೇ ಕೇಳಿ ನೋಡಲಿ.

ಕಾಲೇಜುಗಳು ಮಾಡಬೇಕಾದದ್ದು ದೊಡ್ಡ ಖರ್ಚಿನ ಕೆಲಸವಲ್ಲ. ಕಾರ್ಯಕ್ರಮಗಳನ್ನು ಕೊನೆಗಳಿಗೆಯಲ್ಲಿ ಸೋಸುವ 'ಸ್ಕ್ರೀನಿಂಗ್' ಎಂಬ ಕತ್ತರಿಯನ್ನು ಕೈಬಿಟ್ಟು, ವಿದ್ಯಾರ್ಥಿಗಳೂ ಅಧ್ಯಾಪಕರೂ ಕೂಡಿ ತಾಲೀಮನ್ನೇ ತೆರೆದಿಡಲಿ. ಯಾವುದಾದರೂ ಸಮುದಾಯದ ಬದುಕನ್ನು ವೇದಿಕೆಗೆ ತರುವ ತಂಡ ಆ ಸಮುದಾಯದ ಒಬ್ಬರ ಜೊತೆಯಾದರೂ ಮಾತಾಡಿ ಬಂದಿರಲಿ. ಒಪ್ಪಿದ ಮೇಲೆ ಕಾಲೇಜು ಅದನ್ನು ತನ್ನದೆಂದು ಹೇಳಲಿ. ಗಲಾಟೆಯಾದರೆ ಪೊಲೀಸರಿಗೆ ದೂರು ಕೊಡಬೇಕಾದದ್ದು ಬೆದರಿಕೆ ಹಾಕಿದವರ ಮೇಲೆ. ಯಾವ ವಿದ್ಯಾರ್ಥಿಯನ್ನೂ ಅವನ ಮಾತು ಕೇಳುವ ಮೊದಲು ಹೊರಗಿಡಬಾರದು.

ಪ್ರಾಂಶುಪಾಲರಲ್ಲಿ ಒಂದು ಕೋರಿಕೆ. ಈ ವರ್ಷದ ಟ್ಯಾಲೆಂಟ್ಸ್ ಡೇಗೆ ಅತಿಥಿಗಳನ್ನು ಗೇಟಿನವರೆಗೆ ಬಿಟ್ಟುಬಂದು ಮತ್ತೆ ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳಿ. ಕೊನೆಯ ಹಾಡು ಮುಗಿಯುವ ತನಕ ಏಳಬೇಡಿ.